ಸೀಲು ಒಡೆಯದ ಆಟಿಕೆ

ಆಟಿಕೆ ಅಂಗಡಿಯವನ ಮಗಳಿಗೆ ಆಟ ಗೊತ್ತಿರಲಿಲ್ಲ.

ಆಟಿಕೆಗೇನೂ ಬರವಿರಲಿಲ್ಲ. ಅಂಗಡಿಯ ಮೂರು ಗೋಡೆಗಳಿಗೂ ನೆಲದಿಂದ ಸೂರಿನವರೆಗೆ ಅವೇ ತುಂಬಿದ್ದವು. ಗೊಂಬೆ, ರೈಲು, ಅಡುಗೆ ಸೆಟ್ಟು, ಡಾಕ್ಟರ್ ಸೆಟ್ಟು, ಒತ್ತಿದರೆ ಬೊಗಳುವ ನಾಯಿ, ಒತ್ತಿದರೆ ಅಳುವ ಪಾಪು. ಎಲ್ಲವೂ ಡಬ್ಬದೊಳಗೆ. ಡಬ್ಬದ ಮುಖಕ್ಕೆ ಪಾರದರ್ಶಕ ಹಾಳೆ, ಬಾಯಿಗೆ ಟೇಪು. ಟೇಪು ಕಿತ್ತ ಡಬ್ಬವನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳಲು ಬಂದವರೂ ಚೌಕಾಸಿಗೆ ಇಳಿಯುತ್ತಾರೆ. ಹಾಗಾಗಿ ಅಂಗಡಿಯಲ್ಲಿ ಇದ್ದದ್ದು ಒಂದೇ ಕಾನೂನು, ಸೀಲು ಒಡೆಯಬಾರದು. ಗಿರಾಕಿಗಳಿಗೂ ಅದೇ, ಗಂಡಹೆಂಡಿರಿಗೂ ಅದೇ, ಮಗಳಿಗೂ ಅದೇ.

ಮನೆಯೆಂದರೆ ಅಂಗಡಿಯ ಹಿಂದಿನ ಎರಡು ಕೋಣೆ, ನಡುವೆ ಒಂದು ಪರದೆ. ಮಗಳು ಕಪಾಟುಗಳ ಸಂದಿಯಲ್ಲೇ ಅಂಬೆಗಾಲಿಟ್ಟಳು, ಅಲ್ಲೇ ಎದ್ದು ನಿಂತಳು. ಹಲ್ಲು ಮೂಡುವಾಗ ಒಂದು ಗಿಲಕಿಯ ಡಬ್ಬದ ಮೂಲೆಯನ್ನು ಕಚ್ಚಿ ಹರಿದಳು. ಅಪ್ಪ ಬೈಯಲಿಲ್ಲ. ಬೈಯುವ, ಹೊಡೆಯುವ ಮನುಷ್ಯನೇ ಅಲ್ಲ ಅವನು. ಗಿಲಕಿಯನ್ನು ಮೆಲ್ಲಗೆ ಬಿಡಿಸಿಕೊಂಡ, ಹರಿದ ಮೂಲೆಗೆ ಟೇಪು ಹಚ್ಚಿದ, ಕೈಗೆ ಸಿಗದಷ್ಟು ಮೇಲೆ ಇಟ್ಟ. ಅವಳು ಕಿರುಚಿ ಅತ್ತಾಗ ಟೇಪಿನ ಉರುಳೆಯನ್ನೇ ಕೈಗೆ ಕೊಟ್ಟ. ಅಳು ನಿಂತಿತು. ಅಲ್ಲಿಂದ ಮುಂದೆ ಅವಳು ಅತ್ತರೆ ಟೇಪು, ಹಟ ಮಾಡಿದರೆ ಟೇಪು. ಮೂರು ವರ್ಷಕ್ಕೆಲ್ಲ ಅವಳು ಒಂದು ಸುಕ್ಕೂ ಇಲ್ಲದಂತೆ ಟೇಪು ಹಚ್ಚುತ್ತಿದ್ದಳು. ಪರದೆಯ ಹಿಂದಿನಿಂದ ಚರ್ರೆಂದು ಟೇಪು ಎಳೆದ ಸದ್ದು ಬಂದರೆ, ಮಗು ತನ್ನ ಪಾಡಿಗೆ ತಾನಿದೆ, ಎದ್ದು ನೋಡಬೇಕಾಗಿಲ್ಲ ಎಂದು ಅರ್ಥ.

ಅವಳದ್ದು ಅಂತ ಒಂದು ಆಟಿಕೆ ಕೊಡಿಸಿರಲಿಲ್ಲ. ಇಡೀ ಅಂಗಡಿಯೇ ಅವಳದ್ದು, ಇನ್ನೇನು ಕೊಡಿಸೋದು ಅನ್ನುತ್ತಿದ್ದ ಅಪ್ಪ. ಅಜ್ಜಿ ಒಮ್ಮೆ ಬೇರೆ ಊರಿನಿಂದ ಗೊಂಬೆ ತಂದಳು. ಮೊಮ್ಮಗಳು ಅದನ್ನು ಡಬ್ಬದ ಸಮೇತ ಒಯ್ದು ಗೊಂಬೆಗಳ ಸಾಲಿನಲ್ಲಿ ಅಂಚಿಗೆ ಅಂಚು ಕೂಡಿಸಿ ಇಟ್ಟಳು. ಆಮೇಲೊಂದು ದಿನ ಯಾರೋ ಗಿರಾಕಿ ಅದರತ್ತ ಬೆರಳು ತೋರಿಸಿದಾಗ ತಾನೇ ಇಳಿಸಿ ಕೊಟ್ಟಳು. ಗಂಡಹೆಂಡಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಕ್ಕಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ಓಡಾಡಿದರು.

ಹೆಮ್ಮೆಪಡಲು ಕಾರಣಗಳೂ ಇದ್ದವು. ಬೇರೆಯವರ ಮಕ್ಕಳು ಅಂಗಡಿಗೆ ಬಂದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದವು. ಇವಳು ಗಲ್ಲಾದ ಪಕ್ಕ ಕೈಕಟ್ಟಿ ನಿಂತಿರುತ್ತಿದ್ದಳು. ಡಬ್ಬದ ಮೇಲಿನ ವಯಸ್ಸಿನ ಅಂಕಿಗಳನ್ನು ಓದುತ್ತಿದ್ದಳು. ಒಮ್ಮೆ ಒಬ್ಬ ಹೆಂಗಸಿಗೆ, "ಇದು ಮೂರು ವರ್ಷದ ಮೇಲಿನವರಿಗೆ. ನಿಮ್ಮವನು ಬಾಯಿಗೆ ಹಾಕ್ಕೋತಾನೆ, ಬೇಡ," ಅಂದಳು. ಆ ಹೆಂಗಸು ಕಣ್ಣರಳಿಸಿ, ಇವಳೇನು ಇಲ್ಲಿ ಮ್ಯಾನೇಜರಮ್ಮನೋ ಅಂದಳು. ಬೀದಿಗೆಲ್ಲ ಅದೇ ಹೆಸರಾಯಿತು.

ನಾಲ್ಕು ತುಂಬಿದ ಮೇಲೆ ಮ್ಯಾನೇಜರಮ್ಮನನ್ನು ನರ್ಸರಿಗೆ ಸೇರಿಸಿದರು. ತಿಂಗಳೊಳಗೆ ಟೀಚರು ಅಮ್ಮನಿಗೆ ಹೇಳಿಕಳಿಸಿದರು. ದೂರೇನಿಲ್ಲ, ಒಂದು ಸಲ ಬಂದು ನೋಡಿ ಹೋಗಿ ಅಷ್ಟೆ ಅಂದಿದ್ದರು. ಮಂಡಿನೋವಿನ ಹೆಂಗಸು ಆ ಟೀಚರು. ಮಕ್ಕಳ ಕುರ್ಚಿಯಲ್ಲಿ ಕೂತು ಕೂತು ಏಳುವಾಗ ಮೇಜನ್ನು ಹಿಡಿದುಕೊಳ್ಳಬೇಕಿತ್ತು. ಅಮ್ಮನನ್ನು ಪಡಸಾಲೆಯ ಕಿಟಕಿಯ ಹತ್ತಿರ ನಿಲ್ಲಿಸಿ, ಮಾತಾಡಬೇಡಿ ಎಂದು ಸನ್ನೆ ಮಾಡಿದರು.

ಒಳಗೆ ಮೇಜಿನ ಮೇಲೆ ಹಾಸಿಗೆ ಬಟ್ಟೆ ಇಳಿಬಿಟ್ಟು ಮಕ್ಕಳು ಮನೆ ಕಟ್ಟಿದ್ದರು. ಬಾಟಲಿ ಮುಚ್ಚಳಗಳು ತಟ್ಟೆ, ಒಂದು ಶೂ ಫೋನು. ಸಿಂಬಳದ ಹುಡುಗನೊಬ್ಬ ಯಜಮಾನ. ಅವನು ಒಂದು ಲೋಟ ಎತ್ತಿಕೊಂಡು, ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ ನಿಂತಿದ್ದ ಇವಳ ಬಳಿಗೆ ಬಂದ.

"ಕುಡಿ. ಬಿಸಿ ಇದೆ, ಊದ್ಕೊಂಡು ಕುಡಿ."

ಇವಳು ಲೋಟದೊಳಗೆ ಇಣುಕಿದಳು. "ಏನೂ ಇಲ್ಲ."

"ಇದೆ ಕಣೇ."

"ಇಲ್ಲ. ಖಾಲಿ ಪೀಸು."

ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು, ಲಂಗದ ಅಂಚಿನಲ್ಲಿ ಒರೆಸಿ, ಕಪಾಟಿನಲ್ಲಿ ಇಟ್ಟಳು. ಬಾಟಲಿ ಮುಚ್ಚಳಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದಳು. ಒಬ್ಬಳ ತೋಳಿನಿಂದ ಗೊಂಬೆಯನ್ನು ಬಿಡಿಸಿಕೊಂಡಳು. "ಸುಮ್ಮನೆ ಕೈ ಹಚ್ಚಬೇಡಿ. ತಗೊಳ್ಳೋ ಹಾಗಿದ್ರೆ ಹೇಳಿ."

ಅಮ್ಮನಿಗೆ ನಗು ಬಂತು. ಥೇಟು ಅಪ್ಪನ ದನಿ. ಪಕ್ಕಕ್ಕೆ ತಿರುಗಿದರೆ ಟೀಚರು ನಗುತ್ತಿರಲಿಲ್ಲ. ಸಿಂಬಳದ ಹುಡುಗ ಬಾಯಿ ತೆರೆದು ಅಳತೊಡಗಿದ್ದ. ಇವಳು ಅವನತ್ತ ನೋಡಿದಳು, ಯಾರೋ ನಲ್ಲಿ ನಿಲ್ಲಿಸದೆ ಹೋಗಿದ್ದಾರೆ ಅನ್ನುವ ಹಾಗೆ. ಮತ್ತೆ ಮುಚ್ಚಳ ಆರಿಸುವುದರಲ್ಲಿ ತೊಡಗಿದಳು.

ಅವಳೇನೂ ಹೊಡೆಯಲಿಲ್ಲವಲ್ಲ ಎಂದಳು ಅಮ್ಮ.

"ಹೊಡೆದಿದ್ರೆ ನಿಮ್ಮನ್ನ ಕರೆಸ್ತಿರಲಿಲ್ಲ," ಅಂದರು ಟೀಚರು. "ಹೊಡೆಯೋರು, ಕಚ್ಚೋರು ಇಲ್ಲಿ ದಂಡಿಯಾಗಿದಾರೆ. ಇಪ್ಪತ್ತು ವರ್ಷದಲ್ಲಿ ಆಟ ಬಾರದ ಮಗೂನ ನೋಡಿದ್ದು ಇದೇ ಮೊದಲು."

ಅಮ್ಮನಿಗೆ ಸಿಟ್ಟು ಬಂತು. ಅಕ್ಷರ ಬರುತ್ತೆ, ಎಣಿಕೆ ಬರುತ್ತೆ, ಇನ್ನು ಆಟ ಒಂದು ದೊಡ್ಡ ವಿದ್ಯೆಯೇ ಎಂದು ಕೇಳಿದಳು. ಟೀಚರು ಹೌದು ಅಂದರು. ಖಾಲಿ ಲೋಟದಲ್ಲಿ ಏನೋ ಇದೆ ಅಂತ ಅವನು ಅಂದುಕೊಂಡಿದ್ದಾನೆ, ಅವನ ತಲೆಯಲ್ಲಿ ಇರೋದು ಇವಳಿಗೆ ಗೊತ್ತಾಗಬೇಕು, ಗೊತ್ತಾಗಿ ಇವಳು ಊದಬೇಕು. ಇನ್ನೊಬ್ಬರ ಒಳಗೆ ಒಂದು ಮನಸ್ಸಿದೆ, ಅದಕ್ಕೆ ಖುಷಿಯಾಗುತ್ತೆ, ನೋವಾಗುತ್ತೆ ಅಂತ ಮಕ್ಕಳು ಕಲಿಯೋದು ಹೀಗೇ, ಪಾಠ ಮಾಡಿ ಯಾರೂ ಅದನ್ನ ಕಲಿಸಿಲ್ಲ ಅಂದರು. ಉಳಿದ ಮಕ್ಕಳು ಇವಳಿಗೆ ಪೊಲೀಸು ಅಂತ ಹೆಸರಿಟ್ಟಿದ್ದರು. ಇವಳು ಹತ್ತಿರ ಬಂದರೆ ಆಟ ಬಚ್ಚಿಡುತ್ತಿದ್ದರು. ಇಬ್ಬರು ತಾಯಂದಿರು ಬಂದು ಕೂಗಾಡಿ ಹೋಗಿದ್ದರು. ಈ ಟರ್ಮು ಮುಗಿಯುವವರೆಗೆ ಅವಳ ಜಾಗ ಉಳಿಸಿಕೊಳ್ಳುತ್ತೇನೆ, ಅಷ್ಟರೊಳಗೆ ಮನೆಯಲ್ಲಿ ಏನಾದರೂ ಮಾಡಿ ಅಂದರು. ಏನು ಮಾಡಬೇಕು ಎಂದದ್ದಕ್ಕೆ, "ಒಂದು ಡಬ್ಬ ಒಡೀರಿ. ನೆಲದ ಮೇಲೆ ಕೂತ್ಕೊಳ್ಳಿ. ಅವಳ ಜೊತೆ ಆಡಿ," ಅಂದರು.

ಊರಿಗೆಲ್ಲ ಆಟಿಕೆ ಮಾರುವವರು ಈ ಮಾತು ಕೇಳಿಸಿಕೊಳ್ಳಬೇಕಾಗಿ ಬಂತು. ಗಂಡ ಮೊದಲು ನಕ್ಕ, ಆಮೇಲೆ ಗೊಣಗಿದ. ಮಕ್ಕಳು ಆಟ ಆಡಿಕೊಂಡೇ ಹಾಳಾದವು ಅಂತ ಲೋಕವೆಲ್ಲ ಬೈದರೆ, ನಮ್ಮದು ಆಡಲ್ಲ ಅಂತ ಬೈಸಿಕೊಳ್ಳಬೇಕಲ್ಲ ಅಂದ. ಆದರೂ ಒಂದು ಡಬ್ಬ ತಾನೇ ಇಳಿಸಿಕೊಟ್ಟ. ಒತ್ತಿದರೆ ಅಳುವ ಪಾಪುಗೊಂಬೆ. ಅಂಗಡಿಯಲ್ಲಿ ಅತಿ ಹೆಚ್ಚು ಗಿರಾಕಿಗಳಿದ್ದ ಮಾಲು ಅದು. ಹಾಳೆಯಲ್ಲಿ ಒಂದು ತೂತು, ತೂತಿನಲ್ಲಿ ಗುಂಡಿ, ಹೋಗಿಬರುವ ಮಕ್ಕಳೆಲ್ಲ ಅದನ್ನು ಒತ್ತುತ್ತಿದ್ದರು. ಕಪಾಟಿನಿಂದ ದಿನವಿಡೀ ಡಬ್ಬಗಳು ಅಳುತ್ತಿದ್ದವು.

ಅಮ್ಮ ನೆಲದ ಮೇಲೆ ಕೂತು ಅದನ್ನು ಮಗಳ ಮುಂದಿಟ್ಟಳು.

"ಯಾರು ತಗೊಂಡ್ರು?" ಎಂದಳು ಮಗಳು.

ಇದು ನಿನಗೇ ಎಂದರೆ ಅವಳಿಗೆ ಅರ್ಥವಾಗಲಿಲ್ಲ. ಅಮ್ಮ ಟೇಪಿಗೆ ಉಗುರು ಹಾಕಿದಳು. ಮಗಳ ತುಟಿ ಅದುರಿತು. ಡಬ್ಬ ತೆರೆದುಕೊಂಡದ್ದೇ ತಡ, ಅವಳು ಉಸಿರುಗಟ್ಟುವಂತೆ ಅರಚಿದಳು. ಹಾಳಾಯಿತು, ಹಾಳಾಯಿತು ಎಂದು ನೆಲಕ್ಕೆ ಬಿದ್ದಳು. ಬೇರೆ ಮಕ್ಕಳು ಅಂಗಡಿಯಲ್ಲಿ ಹೊರಳಾಡಿದ ಹಾಗೇ, ಆದರೆ ಕಾರಣ ಪೂರ್ತಿ ತಿರುವುಮುರುವು. ಅಮ್ಮ ಗೊಂಬೆಯನ್ನು ಹಿಡಿದುಕೊಂಡು ಕೂತಳು. ಜೋಜೋ ಅನ್ನಲು ಹೋಗಿ ನಿಲ್ಲಿಸಿದಳು. ಗಂಡ ಪರದೆಯಾಚೆ ಇದ್ದ, ನಾಚಿಕೆಯಾಯಿತು. ಇದು ಪಾಪು, ಪಾಪುಗೆ ನಿದ್ದೆ ಬಂದಿದೆ, ಮಲಗಿಸೋಣವಾ ಎಂದು ಮೆಲ್ಲಗೆ ಕೇಳಿದಳು.

ಮಗಳ ಅರಚಾಟ ನಿಂತಿತು. "ಪಾಪು ಡಬ್ಬದಲ್ಲೇ ಮಲಗೋದು."

ಅಮ್ಮನಿಗೆ ಸಾಕಾಗಿತ್ತು. "ಸರಿ ತಾಯಿ, ಡಬ್ಬದಲ್ಲೇ ಮಲಗಿಸು."

ಮಗಳು ಗೊಂಬೆಯನ್ನು ಮೊದಲಿದ್ದಂತೆಯೇ ಹಿಂದಿನ ರಟ್ಟಿಗೆ ಒರಗಿಸಿದಳು. ಕತ್ತಿಗೆ ಒಂದು, ಕೈಗಳಿಗೆ ಎರಡು, ಕಾಲುಗಳಿಗೆ ಎರಡು ಕಟ್ಟು ಬಿಗಿದಳು. ಡಬ್ಬ ಮುಚ್ಚಿ ಟೇಪು ಎಳೆದಳು. ಮುಖ ಅರಳಿತು.

ಮರುದಿನ ನರ್ಸರಿಯ ಬಾಗಿಲಲ್ಲಿ ಟೀಚರು ವಿಚಾರಿಸಿದಾಗ, ಗೊಂಬೆಯನ್ನು ಪಾಪು ಅಂದುಕೊಂಡು ಮಲಗಿಸಿದಳು ಎಂದಳು ಅಮ್ಮ. ಹಾಗಾದರೆ ಶುರುವಾಯಿತು ಬಿಡಿ ಎಂದು ಟೀಚರು ಅವಳ ಕೈ ಅದುಮಿದರು. ಡಬ್ಬದ ವಿಷಯ ಅಮ್ಮ ಹೇಳಲಿಲ್ಲ. ಅದೂ ಒಂಥರ ಆಟವೇ ಅಲ್ಲವೇ ಎಂದು ತನಗೇ ಹೇಳಿಕೊಂಡಳು.

ಅದೇ ವಾರ ನಾದಿನಿ ಬಂದಳು. ಗಂಡನ ತಂಗಿ, ಪಕ್ಕದ ಊರಿನವಳು. ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದಳು. ಕಂಕುಳಲ್ಲಿ ಆರು ತಿಂಗಳ ಗಂಡುಕೂಸು, ಎಲ್ಲರ ಬಾಯಲ್ಲಿ ಗುಂಡ. ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರುವವರೆಗೆ ನೋಡ್ಕೊಳ್ಳಿ ಅತ್ತಿಗೆ ಎಂದು ಗುಂಡನನ್ನು ಒಳಕೋಣೆಯ ಚಾಪೆಯ ಮೇಲೆ ಮಲಗಿಸಿದಳು. ಅವನು ಕಾಲು ಎತ್ತಿ ಎತ್ತಿ ಒದೆಯುತ್ತ, ಜೊಲ್ಲಿನ ಗುಳ್ಳೆ ಬಿಡುತ್ತ ಮಲಗಿದ್ದ.

ಮ್ಯಾನೇಜರಮ್ಮ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. "ಇದು ಎಷ್ಟು ವರ್ಷದವರಿಗೆ?"

ಅತ್ತೆ ಊದಿಕೊಂಡ ಕೆನ್ನೆ ಹಿಡಿದುಕೊಂಡು ನಕ್ಕಳು. "ನಿನಗೇ ಕಣೇ. ನಿನ್ನದೇ ಪಾಪು, ಜೋಪಾನ."

ಮಧ್ಯಾಹ್ನ ಹೊಸ ಮಾಲು ಬಂತು. ಅಪ್ಪ ರಟ್ಟಿನ ದೊಡ್ಡ ಪೆಟ್ಟಿಗೆಗಳನ್ನು ಒಳಕೋಣೆಗೆ ಸಾಗಿಸಿ, ಮಾಲು ಹೊರಗೆ ತೆಗೆದು, ಖಾಲಿಯಾದವನ್ನು ಅಲ್ಲೇ ಗೋಡೆಗೆ ಒಟ್ಟಿದ. ಭಾರದ ಸಾಮಾನನ್ನು ಅವನು ಎತ್ತಿ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ. ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಸಾಮಾನನ್ನು ಒಳಗೆ ತಳ್ಳಿ, ಬಾಯಿ ಮುಚ್ಚುತ್ತಿದ್ದ. ಬೆನ್ನು ಉಳಿಸಿಕೊಳ್ಳುವ ಉಪಾಯ. ಮಗಳು ಹುಟ್ಟಿದಾಗಿನಿಂದ ನೋಡುತ್ತಿದ್ದಳು.

ಅಂಗಡಿಗೆ ಬಂದವರು ಪರದೆ ಸರಿಸಿ ಗುಂಡನನ್ನು ನೋಡಿ ಹೋಗತೊಡಗಿದರು. ಒಬ್ಬಳು ಕೆನ್ನೆ ಹಿಂಡಿದಳು. ಒಬ್ಬಳ ಮಗ ಹೊಟ್ಟೆಗೆ ಬೆರಳು ಚುಚ್ಚಿದ. ಮ್ಯಾನೇಜರಮ್ಮ ಅಡ್ಡ ನಿಂತು ಕೈ ಹಚ್ಚಬೇಡಿ, ಕೈ ಹಚ್ಚಬೇಡಿ ಅನ್ನುತ್ತಿದ್ದಳು. ಎಷ್ಟು ಅಕ್ಕರೆ ನೋಡಿ ಎಂದು ಅವರು ಅಮ್ಮನಿಗೆ ಹೇಳಿದರು. ಅಮ್ಮನಿಗೆ ಎದೆ ತುಂಬಿತು. ಟೀಚರಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು. ಕೊನೆಗೆ ಗುಂಡನಿಗೆ ಕಣ್ಣು ಹತ್ತಿತು. ಅಮ್ಮ ಪರದೆ ಎಳೆದು ಗಲ್ಲಾಕ್ಕೆ ಹೋದಳು.

ಮಗಳು ಹೊರಗೆ ಬಂದು ಅಪ್ಪನ ಅಂಗಿ ಜಗ್ಗಿ ಟೇಪು ಕೇಳಿದಳು. ಅವನು ಬೆಲೆಚೀಟಿ ಅಂಟಿಸುತ್ತಿದ್ದ, ತಿರುಗಿ ನೋಡದೆ ಉರುಳೆ ಕೊಟ್ಟ. ಪರದೆಯ ಹಿಂದೆ ಚರ್ರೆಂದು ಸದ್ದು ಬಂತು. ಮತ್ತೆ ಬಂತು. ಮತ್ತೆ. ಇಬ್ಬರಿಗೂ ಕೇಳಿಸಿತು, ಇಬ್ಬರೂ ನೆಮ್ಮದಿಯಾಗಿ ಕೆಲಸ ಮುಂದುವರಿಸಿದರು.

ಸ್ವಲ್ಪ ಹೊತ್ತಿನಲ್ಲಿ ಅಳು ಕೇಳಿಸಿತು. ದೂರದಿಂದ ಬಂದ ಹಾಗೆ, ಮುಚ್ಚಿದ ಅಳು. ಅಂಗಡಿಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರು. ಯಾರಪ್ಪ ಅದು, ಸುಮ್ಮಸುಮ್ಮನೆ ಗುಂಡಿ ಒತ್ತಬೇಡಿ, ಬ್ಯಾಟರಿ ಹೋಗುತ್ತೆ ಎಂದು ಅಪ್ಪ ಕೂಗಿ ಹೇಳಿದ. ಅಳು ಇನ್ನಷ್ಟು ಹೊತ್ತು ಇತ್ತು. ಆಮೇಲೆ ನಿಂತಿತು.

ನಾದಿನಿ ಬಾಯಿ ತುಂಬ ಹತ್ತಿ ತುಂಬಿಕೊಂಡು ಬಂದಳು. ಮಾತಾಡುವ ಹಾಗಿರಲಿಲ್ಲ. ನೇರ ಒಳಗೆ ಹೋದಳು, ಹೊರಗೆ ಬಂದಳು, ಅಂಗೈ ಎರಡನ್ನೂ ಮೇಲೆ ಮಾಡಿ ಅತ್ತಿಗೆಗೆ ತೋರಿಸಿದಳು. ಅತ್ತಿಗೆ ಒಳಗೆ ಓಡಿದಳು. ಚಾಪೆ ಖಾಲಿ.

ಮಗಳು ಕೋಣೆಯ ಮೂಲೆಯಲ್ಲಿ ನಿಂತಿದ್ದಳು. ಕೈಯಲ್ಲಿ ಟೇಪಿನ ಖಾಲಿ ಉರುಳೆ.

"ಪಾಪು ಎಲ್ಲಿ?"

"ಇದೆ."

"ಎಲ್ಲಿದೆ?"

"ಎತ್ತಿಟ್ಟೆ. ಎಲ್ರೂ ಕೈ ಹಚ್ತಿದ್ರು."

ಗೋಡೆಗೆ ಒಟ್ಟಿದ್ದ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಎಲ್ಲ ಒಂದೇ ಬಣ್ಣ, ಒಂದೇ ಅಳತೆ. ಎಲ್ಲದರ ಬಾಯಿಗೂ ಟೇಪು, ಒಂದು ಸುಕ್ಕೂ ಇಲ್ಲದೆ.

ಅಪ್ಪ ಚಾಕು ಹಿಡಿದು ಬಂದ, ಮೊದಲ ಪೆಟ್ಟಿಗೆಗೆ ಇಟ್ಟ, ಹಾಗೇ ನಿಂತ. ಯಾವುದರಲ್ಲಿದೆಯೋ, ಎಲ್ಲಿ ತಗುಲುತ್ತದೋ. ಚಾಕು ಎಸೆದು ಉಗುರಿನಿಂದ ಕೀಳತೊಡಗಿದ. ಒಂದು ಖಾಲಿ. ಇನ್ನೊಂದು ಖಾಲಿ. ಮಗಳು ಓಡಿಬಂದು ಅವನ ಕಾಲು ತಬ್ಬಿಕೊಂಡು, ಒಡೀಬೇಡಿ, ಹಾಳಾಗುತ್ತೆ ಎಂದು ಅರಚಿದಳು. ಯಾವುದರಲ್ಲಿ ಹೇಳು, ಹೇಳು ಎಂದು ಅವಳ ಭುಜ ಹಿಡಿದು ಅಲುಗಿಸಿದ. ಅವನು ಜನ್ಮದಲ್ಲಿ ಅವಳನ್ನು ಹಾಗೆ ಮುಟ್ಟಿರಲಿಲ್ಲ. ಅವಳ ಬಾಯಿ ಕಟ್ಟಿಹೋಯಿತು. ನಾದಿನಿ ಹತ್ತಿ ಉಗುಳಿ, ರಕ್ತ ಸುರಿಸಿಕೊಂಡೇ ಪೆಟ್ಟಿಗೆಗಳನ್ನು ಬಡಿಯುತ್ತಿದ್ದಳು. ಯಾವುದರಿಂದಲೂ ಸದ್ದಿಲ್ಲ.

ಅಮ್ಮ ಗಂಡನನ್ನು ಪಕ್ಕಕ್ಕೆ ನೂಕಿದಳು. ಮಗಳ ಮುಂದೆ ನಿಂತಳು. ಸೆರಗು ಸರಿಮಾಡಿಕೊಂಡಳು. ಅದು ಎಲ್ಲಿಂದ ಹೊಳೆಯಿತೋ ಅವಳಿಗೇ ತಿಳಿಯದು. ಗಿರಾಕಿಯ ದನಿಯಲ್ಲಿ ಹೇಳಿದಳು.

"ನಮಸ್ಕಾರ. ನನಗೊಂದು ಪಾಪು ಬೇಕಿತ್ತು. ತಗೋತೀನಿ. ಕೊಡ್ತೀರಾ?"

ಮಗಳು ಕಣ್ಣೊರೆಸಿಕೊಂಡಳು. ಕೈಕಟ್ಟಿ ನಿಂತಳು.

"ಎಡಗಡೆ ಕೊನೇದು. ಕೆಳಗಿಂದು."

ಗುಂಡ ಹಿಂದಿನ ರಟ್ಟಿಗೆ ಒರಗಿದ್ದ. ಕಾಲುಗಳಿಗೆ ಎರಡು ಸುತ್ತು ಟೇಪು, ಕೈಗಳಿಗೆ ಎರಡು, ಕತ್ತಿಗೆ ಒಂದು. ಡಬ್ಬದ ಗೊಂಬೆಗಳಿಗೆ ಇರುವ ಹಾಗೆ. ಮೈಯೆಲ್ಲ ಒದ್ದೆ, ಮುಖ ಬೆಂದ ಬಣ್ಣ, ತುಟಿ ಕಪ್ಪು. ಪೆಟ್ಟಿಗೆಯ ಪಕ್ಕಗಳಲ್ಲಿ ಹಿಡಿದೆತ್ತಲು ಎರಡು ತೂತುಗಳಿದ್ದವು. ಒಂದನ್ನು ನೀಟಾಗಿ ಮುಚ್ಚಿದ್ದಳು. ಇನ್ನೊಂದನ್ನು ಅರ್ಧ ಮುಚ್ಚುವಷ್ಟರಲ್ಲಿ ಉರುಳೆ ಮುಗಿದಿತ್ತು. ಆ ಅರ್ಧ ತೂತಿನಿಂದ ಅವನು ಉಸಿರಾಡಿದ್ದ. ಕತ್ತಿನ ಟೇಪು ಕಿತ್ತಾಗ ಚರ್ಮವೂ ಬಂತು. ಆಗ ಅವನು ಅತ್ತ.

ಬೀದಿಯ ಕೊನೆಯ ಡಾಕ್ಟರು ಕೂಸನ್ನು ಸಂಜೆಯವರೆಗೆ ಇಟ್ಟುಕೊಂಡು ನೋಡಿದರು. ಜೀವಕ್ಕೆ ಅಪಾಯವಿಲ್ಲ ಅಂದರು. ಯಾರು ಮಾಡಿದ್ದು ಎಂದು ಕೇಳಿದರು. ನಾದಿನಿ ಅಲ್ಲಿಂದಲೇ ಊರಿನ ಬಸ್ಸು ಹತ್ತಿದಳು. ಅಣ್ಣನ ಮುಖವನ್ನೂ ನೋಡಲಿಲ್ಲ, ಚಾಪೆಯ ಮೇಲೆ ಬಿಟ್ಟಿದ್ದ ಕೂಸಿನ ಟೋಪಿಗೂ ಬರಲಿಲ್ಲ.

ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಡಬ್ಬ ಇಲ್ಲದೇ ತಗೊಂಡು ಹೋದರಾ ಎಂದು ಕೇಳಿದಳು. ಅಮ್ಮ ಅವಳ ಎದುರು ಕೂತಳು.

"ಪಾಪು ಅಳ್ತಿತ್ತಲ್ಲ, ನಿನಗೆ ಕೇಳಿಸಲಿಲ್ವಾ?"

"ಕೇಳಿಸ್ತು."

"ಕೇಳಿಸ್ತಾ?"

"ಹೂಂ. ಬ್ಯಾಟರಿ ಚೆನ್ನಾಗಿತ್ತು."

ಅಮ್ಮ ಅವಳ ಮುಖವನ್ನು ನೋಡಿದಳು. ಅಲ್ಲಿ ಕೇಡು ಇರಲಿಲ್ಲ. ಕೇಡು ಇದ್ದಿದ್ದರೆ ಹೊಡೆಯಬಹುದಿತ್ತು.

ಸುದ್ದಿಗೆ ಕಾಲು ಬಂದು ನರ್ಸರಿಯವರೆಗೂ ಹೋಯಿತು. ಟೀಚರು ತಾವೇ ಮಂಡಿ ಹಿಡಿದುಕೊಂಡು ಅಂಗಡಿಗೆ ಬಂದರು. ಬೇರೆ ಮಕ್ಕಳ ಮನೆಯವರು ಒಪ್ಪುವುದಿಲ್ಲ, ನನ್ನ ಕೈಯಲ್ಲಿಲ್ಲ ಅಂದರು. ಮಲಗಿಸಿದಳು ಅಂದಿರಲ್ಲ, ಹೇಗೆ ಮಲಗಿಸಿದಳು ಎಂದು ಕೇಳಿದರು. ಅಮ್ಮ ಕಪಾಟಿನಲ್ಲಿದ್ದ ಪಾಪುಗೊಂಬೆಯ ಡಬ್ಬವನ್ನು ತೋರಿಸಿದಳು. ಟೀಚರು ಕತ್ತಿನ ಕಟ್ಟನ್ನು ಬಗ್ಗಿ ನೋಡಿದರು. ಗಲ್ಲಾವನ್ನು ಹಿಡಿದುಕೊಂಡು ನೆಟ್ಟಗಾಗಿ, ಹೊರಟರು.

ಅವರು ಬೀದಿ ದಾಟುವ ಮೊದಲೇ ಅಪ್ಪ ಅಂಗಡಿಯ ಬಾಗಿಲೆಳೆದ. ಗೊಂಬೆಗಳ ಸಾಲಿನಿಂದ ಶುರುಮಾಡಿದ. ಡಬ್ಬ ಇಳಿಸುವುದು, ಸೀಲು ಹರಿಯುವುದು, ಆಟಿಕೆ ನೆಲಕ್ಕೆ ಸುರಿಯುವುದು. ಗೊಂಬೆ, ನಾಯಿ, ರೈಲು, ಲೋಟ, ತಟ್ಟೆ. ಆಡು, ಆಡು ಅನ್ನುತ್ತಿದ್ದ, ಕೂಗಲೂ ಇಲ್ಲ, ಅಳಲೂ ಇಲ್ಲ. ಟೇಪನ್ನೆಲ್ಲ ಬಚ್ಚಿಟ್ಟಿದ್ದ. ಮಗಳು ಅರಚಿ ಅರಚಿ ಗಂಟಲು ಕಟ್ಟಿದ ಮೇಲೆ ಎದ್ದಳು. ಅವನ ಹಿಂದೆಯೇ ಬಂದು, ಒಂದೊಂದನ್ನೂ ಡಬ್ಬಕ್ಕೆ ಹಾಕಿ, ಬಾಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಕೈ ತೆಗೆದೊಡನೆ ಅದು ಮತ್ತೆ ತೆರೆದುಕೊಳ್ಳುತ್ತಿತ್ತು.

ಅಮ್ಮ ನೆಲದ ಮೇಲೆ, ಆ ರಾಶಿಯ ನಡುವೆ ಕೂತಳು. ಅಡುಗೆ ಸೆಟ್ಟಿನಿಂದ ಒಂದು ಲೋಟ ಆರಿಸಿಕೊಂಡಳು. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಕುಡಿ. ಬಿಸಿ ಇದೆ."

ಮಗಳು ಬಂದು ಲೋಟದೊಳಗೆ ಇಣುಕಿದಳು. ಅಮ್ಮನ ಮುಖ ನೋಡಿದಳು. ಮತ್ತೆ ಲೋಟ ನೋಡಿದಳು.

"ಇದನ್ನ ತಗೋತೀರಾ?" ಎಂದು ಕೇಳಿದಳು.

ಗುಂಡನ ಕತ್ತಿನ ಚರ್ಮ ಮತ್ತೆ ಬೆಳೆಯಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಉಳಿದಂತೆ ಹೋದದ್ದು ಇಷ್ಟು: ಮೂವತ್ತೊಂದು ಡಬ್ಬ, ನರ್ಸರಿಯಲ್ಲಿ ಒಂದು ಜಾಗ, ಒಬ್ಬಳು ತಂಗಿ, ಮಗಳ ನಾಲ್ಕೂವರೆ ವರ್ಷ.